ಕುಸಿದ ಕಾಂಕ್ರೀಟ್ ಚಪ್ಪಡಿಯನ್ನು ಒಡೆಯದೆ ನಾವೇ ಎತ್ತಬಹುದಾ?

ಪ್ರಶ್ನೆ: ಗೇಟಿನಿಂದ ಬಾಗಿಲಿಗೆ ಬರುವ ನಮ್ಮ ಕಾಂಕ್ರೀಟ್ ಕಾಲುದಾರಿಯನ್ನು ಬಿಡಿಬಿಡಿ ಚಪ್ಪಡಿಗಳಾಗಿ ಹಾಕಿದ್ದಾರೆ. ಮೆಟ್ಟಿಲಿಗೆ ತಾಗಿರುವ ಕೊನೆಯ ಚಪ್ಪಡಿ ಮೆಟ್ಟಿಲ ಕಡೆಗೆ ಒಂದೂವರೆ ಇಂಚು ಕುಸಿದಿದೆ, ಆದರೆ ಒಡೆದಿಲ್ಲ. ಅಗಲ 3 ಅಡಿ, ಉದ್ದ 4 ಅಡಿ, ದಪ್ಪ 4 ಇಂಚು. ಮಳೆ ಬಂದರೆ ಅಲ್ಲೇ ನೀರು ನಿಲ್ಲುತ್ತದೆ (ತಾರಸಿ ನೀರಿನ ಪೈಪೂ ಅಲ್ಲೇ ಪಕ್ಕದಲ್ಲಿ ಬೀಳುತ್ತದೆ). ಒಬ್ಬ ಮೇಸ್ತ್ರಿ ಮೇಲೆ ಸಿಮೆಂಟ್ ಹಾಕಿ ಮಟ್ಟ ಮಾಡೋಣ ಅಂದರು. ಇನ್ನೊಬ್ಬರು ಪೂರ್ತಿ ಒಡೆದು ಹೊಸದು ಹಾಕಬೇಕು ಅಂದರು. ಇದನ್ನು ನಾನೇ ಸರಿಮಾಡಬಹುದಾ?

ಉತ್ತರ: ಮಾಡಬಹುದು. ಮೇಲೆ ಸಿಮೆಂಟೂ ಬೇಡ, ಒಡೆಯುವುದೂ ಬೇಡ. ನಿಮ್ಮ ಚಪ್ಪಡಿ ಚೆನ್ನಾಗಿಯೇ ಇದೆ. ಹಾಳಾಗಿರುವುದು ಅದರ ಕೆಳಗಿನ ಮಣ್ಣು. ಅದಕ್ಕೆ ಕಾರಣ ಏನು ಅಂತ ನೀವೇ ಆವರಣದೊಳಗೆ, ಏನೋ ಸಣ್ಣ ವಿಷಯ ಅನ್ನುವ ಹಾಗೆ, ಬರೆದುಬಿಟ್ಟಿದ್ದೀರಿ. ತಾರಸಿಯ ಪೈಪು.

ಮನೆ ಕಟ್ಟುವಾಗ ಅಡಿಪಾಯಕ್ಕೆ ಬೇಕಾದ್ದಕ್ಕಿಂತ ಅಗಲವಾಗಿ ಗುಂಡಿ ತೋಡುತ್ತಾರೆ, ಕಟ್ಟಿದ ಮೇಲೆ ಪಕ್ಕದ ಜಾಗಕ್ಕೆ ಮಣ್ಣು ಎಳೆದು ಮುಚ್ಚುತ್ತಾರೆ. ಆ ಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸು ಮಾಡಿದ್ದರೆ ಸರಿ, ಸುಮ್ನೆ ಸುರಿದು ಮೇಲೆ ಕಾಂಕ್ರೀಟ್ ಹಾಕಿದ್ದರೆ ಅದು ವರ್ಷಗಟ್ಟಲೆ ನಿಧಾನವಾಗಿ ಕೂರುತ್ತಲೇ ಇರುತ್ತದೆ. ನಿಮ್ಮ ಚಪ್ಪಡಿ ಮನೆಯ ಕಡೆಗೇ ಯಾಕೆ ಬಾಗಿದೆ ಅನ್ನುವುದಕ್ಕೆ ಇದು ಅರ್ಧ ಉತ್ತರ. ಉಳಿದ ಅರ್ಧ ನೀರು. ಪೈಪಿನ ನೀರು ಸಂದಿನಲ್ಲಿ ಇಳಿದು ಸಡಿಲ ಮಣ್ಣನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಕೆಳಗೆ ಟೊಳ್ಳಾಗುತ್ತದೆ, ಚಪ್ಪಡಿ ಬಾಗುತ್ತದೆ, ಬಾಗಿದ್ದಕ್ಕೆ ಅಲ್ಲೇ ನೀರು ನಿಲ್ಲುತ್ತದೆ, ನಿಂತ ನೀರು ಮತ್ತೆ ಅದೇ ಸಂದಿನಲ್ಲಿ ಇಳಿಯುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಹಾಗಾಗಿ ಹಾರೆ ಹಿಡಿಯುವ ಮೊದಲು ಪೈಪು ಸರಿಮಾಡಿ. ತುದಿಗೆ ಒಂದು ಮೊಣಕೈ ಹಾಕಿ, ಮನೆಯಿಂದ ಕನಿಷ್ಠ 6 ಅಡಿ ದೂರಕ್ಕೆ ನೀರು ಹೋಗುವ ಹಾಗೆ ಉದ್ದ ಮಾಡಿ. ಇದನ್ನು ಬಿಟ್ಟು ಚಪ್ಪಡಿ ಮಾತ್ರ ಎತ್ತಿದರೆ ಎರಡು ಮಳೆಗೆ ಮತ್ತೆ ಅಲ್ಲಿಗೇ ಬರುತ್ತದೆ.

ಆದರೆ ಪೈಪೊಂದೇ ಕಾರಣ ಅಂತ ಖಾತ್ರಿ ಮಾಡಿಕೊಳ್ಳಿ. ಮನೆಯ ಎಲ್ಲ ನಲ್ಲಿ ಬಂದ್ ಮಾಡಿ ನೀರಿನ ಮೀಟರ್ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ, ಒಂದೆರಡು ಗಂಟೆ ಬಿಟ್ಟು ನೋಡಿ. ಮುಳ್ಳು ಓಡಿದ್ದರೆ ಎಲ್ಲೋ ನೆಲದೊಳಗೆ ಸೋರುತ್ತಿದೆ. ಹಿಂದೆ ಅಲ್ಲೇ ಮರ ಇತ್ತಾ, ಕಡಿದರಾ ಅಂತ ಮನೆಯವರನ್ನು ಕೇಳಿ. ಕಡಿದ ಮರದ ಬೇರು ಕೆಲವು ವರ್ಷದಲ್ಲಿ ಕೊಳೆತು ಅಷ್ಟೂ ಜಾಗ ಖಾಲಿಯಾಗುತ್ತದೆ. ಪಕ್ಕದಲ್ಲಿ ಹೆಗ್ಗಣದ ಬಿಲ ಇದ್ದರಂತೂ ಕಣ್ಣಿಗೇ ಕಾಣುತ್ತದೆ. ಮನೆಯ ಗೋಡೆಯಲ್ಲೂ ಹೊಸ ಬಿರುಕು ಬಿಟ್ಟಿದ್ದರೆ, ಅಥವಾ ಕಳೆದ ತಿಂಗಳಿಗೂ ಈ ತಿಂಗಳಿಗೂ ಕುಸಿತ ಎದ್ದು ಕಾಣುವಷ್ಟು ಜಾಸ್ತಿಯಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಎಂಜಿನಿಯರ್ ಒಬ್ಬರನ್ನು ಕರೆಸಿ. ಅದು ಕಾಲುದಾರಿಯ ರಿಪೇರಿ ಅಲ್ಲ.

ಈಗ ಆ ಮೊದಲ ಮೇಸ್ತ್ರಿಯ ಮಾತಿಗೆ ಬರೋಣ, ಯಾಕೆಂದರೆ ಹೆಚ್ಚಿನವರು ಮಾಡಿಸುವುದು ಅದನ್ನೇ. ಒಂದೂವರೆ ಇಂಚಿನಿಂದ ಶುರುವಾಗಿ ಸೊನ್ನೆಗೆ ಬರುವ ಹಾಗೆ ಗಾರೆ ಎಳೆದರೆ, ಆ ಸೊನ್ನೆಯ ಅಂಚು ಕಾಗದದಷ್ಟು ತೆಳು. ಮಾಮೂಲಿ ಸಿಮೆಂಟ್ ಗಾರೆ ಅಷ್ಟು ತೆಳುವಾಗಿ ಹಳೆಯ ಕಾಂಕ್ರೀಟಿಗೆ ಕಚ್ಚಿಕೊಳ್ಳುವುದೇ ಇಲ್ಲ. ಕೆಲವು ತಿಂಗಳಲ್ಲಿ ಹಪ್ಪಳೆ ಹಪ್ಪಳೆಯಾಗಿ ಎದ್ದು ಬರುತ್ತದೆ. ಪಾಲಿಮರ್ ಬೆರೆಸಿದ ಗಾರೆ ಸಿಗುತ್ತದೆ, ಅದು ಹಿಡಿಯುತ್ತದೆ, ನಿಜ. ಆದರೆ ಕೆಳಗಿನ ಟೊಳ್ಳು ಹಾಗೇ ಇದೆಯಲ್ಲ? ಮೇಲೆ ಇನ್ನಷ್ಟು ಭಾರ ಹೇರಿದ ಹಾಗಾಯಿತು, ಅಷ್ಟೇ.

ಕುಸಿತ ಅರ್ಧ ಇಂಚಿಗಿಂತ ಕಡಿಮೆಯಿದ್ದು, ತೊಂದರೆ ಎಡವುವುದು ಮಾತ್ರ ಆಗಿದ್ದರೆ, ಎತ್ತರವಿರುವ ಪಕ್ಕದ ಚಪ್ಪಡಿಯ ಅಂಚನ್ನು ಡೈಮಂಡ್ ಚಕ್ರ ಹಾಕಿದ ಗ್ರೈಂಡರಿನಲ್ಲಿ ಇಳಿಜಾರಾಗಿ ಉಜ್ಜಿಬಿಡಿ ಅಂತ ಹೇಳುತ್ತಿದ್ದೆ. ನಿಮ್ಮದು ಹಾಗಲ್ಲ. ಎತ್ತಲೇಬೇಕು.

ಭಾರ ಎಷ್ಟು ಅಂತ ಲೆಕ್ಕ ಹಾಕೋಣ, ಆಗ ಭಯ ಹೋಗುತ್ತದೆ. ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2400 ಕೆಜಿ ತೂಗುತ್ತದೆ. ನಿಮ್ಮ ಚಪ್ಪಡಿ ಹೆಚ್ಚುಕಡಿಮೆ 270 ಕೆಜಿ. ಗಾಬರಿಯಾಗಬೇಡಿ, ನೀವು ಎತ್ತುವುದು ಒಂದು ಅಂಚು ಮಾತ್ರ, ಇನ್ನೊಂದು ಅಂಚು ನೆಲದ ಮೇಲೇ ಇರುತ್ತದೆ. ಹಾಗಾಗಿ ನಿಮ್ಮ ಪಾಲಿಗೆ ಬರುವುದು ಅರ್ಧ, ಸುಮಾರು 135 ಕೆಜಿ. 5 ಅಡಿಯ ಹಾರೆಯ ತುದಿಯಿಂದ 6 ಇಂಚಿಗೆ ಆನಿಕೆ ಕೊಟ್ಟು ಮೀಟಿದರೆ ಒಂದಕ್ಕೆ ಒಂಬತ್ತರಷ್ಟು ಬಲ ಸಿಗುತ್ತದೆ. ಅಂದರೆ ಕೈಯಲ್ಲಿ 15 ಕೆಜಿಯಷ್ಟು ಒತ್ತಿದರೆ ಸಾಕು. ಹಸಿ ಮಣ್ಣಿನ ಹಿಡಿತ, ಸಂದಿನ ಬಿಗಿ ಎಲ್ಲ ಸೇರಿ ಮೊದಲ ಸಲ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಆಮೇಲೆ ಸಲೀಸು.

ಒಬ್ಬರೇ ಮಾಡಬೇಡಿ. ಮೀಟುವವರು ಒಬ್ಬರು, ಬೆಣೆ ಇಡುವವರು ಒಬ್ಬರು.

ಮೊದಲು ಅಗೆಯುವ ಕೆಲಸ. ಚಪ್ಪಡಿಯ ಎರಡೂ ಪಕ್ಕದಲ್ಲಿ, ಕುಸಿದ ಮೂಲೆಯಿಂದ ಶುರುಮಾಡಿ ಒಂದೂವರೆ ಅಡಿ ಉದ್ದ, 10 ಇಂಚು ಆಳ ಗುಂಡಿ ತೆಗೆಯಿರಿ. ಅಲ್ಲಿ ನೀರಿನ ಪೈಪೋ ವಿದ್ಯುತ್ ಕೇಬಲ್ಲೋ ಹೋಗಿದೆಯಾ ಅಂತ ತಿಳಿದುಕೊಂಡೇ ಅಗೆಯಿರಿ. ಕೇಬಲ್ ಇದ್ದರೆ ಕಬ್ಬಿಣದ ಹಾರೆಯನ್ನು ಕುರುಡಾಗಿ ಚುಚ್ಚಬಾರದು, ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಂಡಿಯಾದ ಮೇಲೆ ಬಗ್ಗಿ ಟಾರ್ಚ್ ಬಿಟ್ಟು ನೋಡಿ. ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಕಪ್ಪು ಸಂದು ಕಾಣಬೇಕು. ಕೆಲವೊಮ್ಮೆ ಮೊಣಕೈವರೆಗೆ ತೂರುವಷ್ಟು ಖಾಲಿ ಇರುತ್ತದೆ. ತೂರಬಹುದು ಅಂದೆ, ತೂರಿಸಿ ಅನ್ನಲಿಲ್ಲ. ಈ ಕೆಲಸ ಮುಗಿಯುವವರೆಗೆ ಕೈಯಾಗಲಿ ಬೆರಳಾಗಲಿ ಚಪ್ಪಡಿಯ ಕೆಳಗೆ ಹೋಗುವ ಹಾಗಿಲ್ಲ, ಎಷ್ಟೇ ಬೆಣೆ ಇಟ್ಟಿದ್ದರೂ. ಏನೇ ತಳ್ಳುವುದಿದ್ದರೂ ಕೋಲಿನಲ್ಲಿ. ಟೊಳ್ಳು ಎಲ್ಲಿಯವರೆಗೆ ಇದೆ ಅಂತ ತಿಳಿಯಲು ಮೇಲಿನಿಂದ ಸುತ್ತಿಗೆಯ ಹಿಡಿಯಲ್ಲಿ ಅರ್ಧರ್ಧ ಅಡಿಗೆ ಒಮ್ಮೆ ತಟ್ಟುತ್ತಾ ಹೋಗಿ. ಡಬ್‌ಡಬ್ ಅಂದರೆ ಖಾಲಿ, ಟಕ್‌ಟಕ್ ಅಂದರೆ ತುಂಬಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ಆಮೇಲೆ ಸಂದು. ಮೆಟ್ಟಿಲಿಗೂ ಚಪ್ಪಡಿಗೂ ನಡುವೆ, ಪಕ್ಕದ ಚಪ್ಪಡಿಗೂ ಇದಕ್ಕೂ ನಡುವೆ ಮಣ್ಣು, ಕಲ್ಲು, ಹುಲ್ಲಿನ ಬೇರು ಎಲ್ಲ ಗಟ್ಟಿಯಾಗಿ ಕೂತಿರುತ್ತದೆ. ಹಳೆಯ ಆಕ್ಸಾ ಬ್ಲೇಡಿನಲ್ಲಿ ಕೆರೆದು ಪೂರ್ತಿ ತೆಗೆಯಿರಿ. ಇದು ಬೇಸರದ ಕೆಲಸ, ಅರ್ಧ ದಿನ ಹಿಡಿಯುತ್ತದೆ, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಸಂದಿನಲ್ಲಿ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿದ್ದರೂ ಸಾಕು, ಎತ್ತುವಾಗ ಚಪ್ಪಡಿಯ ಅಂಚು ಅಲ್ಲೇ ಚಕ್ಕೆ ಏಳುತ್ತದೆ. ಯಾರೋ ಹಿಂದೆ ಸಂದಿಗೆ ಸಿಮೆಂಟ್ ತುಂಬಿದ್ದರೆ ಅದನ್ನು ಗ್ರೈಂಡರಿನಲ್ಲಿ ಕೊಯ್ಯಬೇಕು. ನೀರು ಬಿಡುತ್ತಾ ಕೊಯ್ಯುವುದಿದ್ದರೆ ಅದಕ್ಕೆಂದೇ ಮಾಡಿದ ಯಂತ್ರ ಬೇಕು, ಮಾಮೂಲಿ ಗ್ರೈಂಡರಿಗೆ ನೀರು ತಾಗಿದರೆ ಶಾಕ್ ಹೊಡೆಯುತ್ತದೆ. ಒಣದಾಗಿ ಕೊಯ್ದರೆ ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್, ಕನ್ನಡಕ ಎರಡೂ ಬೇಕೇಬೇಕು. ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿದುಬಿಡುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯುವುದಿಲ್ಲ.

ಮೀಟಲು ಆನಿಕೆಗೆ ಇಟ್ಟಿಗೆ ಇಡಬೇಡಿ, ಪುಡಿಯಾಗುತ್ತದೆ. ಗಟ್ಟಿ ಮರದ ತುಂಡು ತೆಗೆದುಕೊಳ್ಳಿ, ಅದರ ಕೆಳಗೆ ಅಗಲವಾದ ಹಲಗೆ ಇಡಿ. ಹಲಗೆ ಯಾಕೆ ಅಂತ ನಾನು ಕಲಿತದ್ದು ಕಷ್ಟಪಟ್ಟು. ಮೊದಲ ಸಲ ಕಾರಿನ ಜಾಕನ್ನು ಬರೀ ಮಣ್ಣಿನ ಮೇಲಿಟ್ಟು ತಿರುಗಿಸಿದೆ, ತಿರುಗಿಸಿದೆ, ಜಾಕ್ ಏಳುತ್ತಲೇ ಇತ್ತು ಅಂದುಕೊಂಡೆ. ನೋಡಿದರೆ ಚಪ್ಪಡಿ ಇದ್ದಲ್ಲೇ ಇದೆ, ಜಾಕ್ ಕೆಳಗೆ ನೆಲದೊಳಗೆ ಇಳಿಯುತ್ತಿದೆ!

ಆ ದಿನವೇ ಇನ್ನೊಂದು ತಪ್ಪನ್ನೂ ಮಾಡಿದೆ. ಹಲಗೆ ಇಟ್ಟ ಮೇಲೆ ಜಾಕ್ ಸರಾಗವಾಗಿ ಏರಿತು, ಆ ಖುಷಿಗೆ ಒಂದೇ ಮೂಲೆಯನ್ನು ಒಂದೇ ಉಸಿರಿಗೆ ಒಂದು ಇಂಚು ಎತ್ತಿದೆ. ಟಪ್ ಅಂತ ಒಂದು ಸದ್ದು. ಜೋರೇನಲ್ಲ, ಕಡ್ಡಿ ಮುರಿದ ಹಾಗೆ. ಮೂಲೆಯಿಂದ ಓರೆಯಾಗಿ ಕೂದಲೆಳೆಯಷ್ಟು ಬಿರುಕು ಓಡಿತು, ಈಗಲೂ ಇದೆ. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಎಷ್ಟಿದೆಯೋ, ಎಳೆತ ತಡೆಯುವ ಶಕ್ತಿ ಅದರ ಹತ್ತನೇ ಒಂದು ಭಾಗದಷ್ಟೇ. ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ ಆದರೆ ಚಪ್ಪಡಿ ತಿರುಚಿಕೊಳ್ಳುತ್ತದೆ, ತಿರುಚಿದರೆ ಎಳೆತ, ಎಳೆತ ಬಂದರೆ ಬಿರುಕು.

ಅದಕ್ಕೇ ಈ ಮೂಲೆ ಕಾಲು ಇಂಚು, ಬೆಣೆ. ಆ ಮೂಲೆ ಕಾಲು ಇಂಚು, ಬೆಣೆ. ಮತ್ತೆ ಈ ಮೂಲೆ. ಒಂದೂವರೆ ಇಂಚಿಗೆ ಎರಡೂ ಕಡೆ ಆರಾರು ಸಲ ಆಗುತ್ತದೆ, ಆಗಲಿ. ಪ್ರತಿ ಸಲವೂ ಮೇಲೆ ಮಟ್ಟಗೋಲು ಅಡ್ಡ ಇಟ್ಟು ನೋಡಿ. ಪಕ್ಕದ ಚಪ್ಪಡಿಯ ಮೇಲಿನಿಂದ ಮೆಟ್ಟಿಲಿನವರೆಗೆ ದಾರ ಕಟ್ಟಿಟ್ಟರೆ ಎಷ್ಟು ಬಂತು, ಇನ್ನೆಷ್ಟು ಬೇಕು ಅಂತ ಕಣ್ಣಿಗೇ ತಿಳಿಯುತ್ತದೆ. ದಾರವನ್ನು ಪೂರ್ತಿ ಮಟ್ಟಕ್ಕೆ ಕಟ್ಟಬೇಡಿ, ವಾಟ ಬೇಕು. ನೀರು ಮನೆಯಿಂದ ಆಚೆಗೆ ಹರಿಯಲು ಒಂದು ಮೀಟರಿಗೆ 2 ಸೆಂ.ಮೀ. ಇಳಿಜಾರು ಸಾಕು, ನಿಮ್ಮ 4 ಅಡಿಗೆ ಹತ್ತಿರ ಹತ್ತಿರ ಒಂದು ಇಂಚು. ಕುಸಿದದ್ದನ್ನು ಎತ್ತಿದಾಗ ಹಳೆಯ ವಾಟ ತಾನಾಗಿ ವಾಪಸು ಬರಬೇಕು, ಮೊದಲು ಹಾಕಿದವರು ವಾಟ ಕೊಟ್ಟಿದ್ದರೆ. ಕೊಡದಿದ್ದರೆ, ಮೆಟ್ಟಿಲಿನ ಎತ್ತರ ತೀರಾ ಕಡಿಮೆಯಾಗದ ಹಾಗೆ ನೋಡಿಕೊಂಡು, ಇದೇ ಅವಕಾಶದಲ್ಲಿ ಸ್ವಲ್ಪ ಜಾಸ್ತಿ ಎತ್ತಿಬಿಡಿ.

ಬೇಕಾದ ಎತ್ತರಕ್ಕಿಂತ 5 ಮಿ.ಮೀ.ನಷ್ಟು ಮೇಲಕ್ಕೆ ಎತ್ತಿ ನಿಲ್ಲಿಸಿ. ತುಂಬಿದ್ದು ಆಮೇಲೆ ಸ್ವಲ್ಪ ಕೂರುತ್ತದೆ.

ಏನು ತುಂಬುವುದು? ಅಗೆದ ಮಣ್ಣನ್ನೇ ವಾಪಸು ತುಂಬಬೇಡಿ, ಇಷ್ಟಕ್ಕೆಲ್ಲ ಕಾರಣವಾದದ್ದು ಅದೇ ಅಲ್ವಾ. ನುಣ್ಣನೆಯ ಹೊಳೆಮರಳೂ ಬೇಡ, ನೀರು ಬಂದರೆ ಹರಿದುಹೋಗುತ್ತದೆ. ದುಂಡು ಜಲ್ಲಿ ಒಂದರ ಮೇಲೊಂದು ಉರುಳುತ್ತದೆ. ಬೇಕಾದ್ದು ಕ್ರಷರಿನ ಕಲ್ಲುಪುಡಿ: ಧೂಳಿನಿಂದ ಹಿಡಿದು ಕಾಳಿನಷ್ಟು ದಪ್ಪದವರೆಗೆ, ಮೂಲೆ ಮೂಲೆ ಇರುವ ಚೂರುಗಳು. ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಗಿಡಿದರೆ ಕಲ್ಲಿನಂತೆ ನಿಲ್ಲುತ್ತವೆ. ಎತ್ತಿದ್ದರಿಂದ ಆಗುವ ಬೆಣೆಯಾಕಾರದ ಜಾಗ ಸುಮಾರು 21 ಲೀಟರ್. ಮೊದಲೇ ಇದ್ದ ಟೊಳ್ಳು ಬೇರೆ, ಗಿಡಿದಾಗ ಪುಡಿ ಕುಗ್ಗುವುದು ಬೇರೆ, ಎಲ್ಲ ಸೇರಿ ನಾಲ್ಕೈದು ಬಕೆಟ್ ತಂದಿಟ್ಟುಕೊಳ್ಳಿ.

ಪುಡಿ ಒಣಗಿರಬಾರದು, ಒದ್ದೆಯೂ ಇರಬಾರದು. ಮೇಲೆ ಸ್ವಲ್ಪ ನೀರು ಚಿಮುಕಿಸಿ ಕಲಸಿ, ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಯಿರಿ. ಕೈ ಬಿಚ್ಚಿದಾಗ ಉಂಡೆ ಹಾಗೇ ನಿಂತಿರಬೇಕು, ಅಂಗೈಗೆ ನೀರು ಅಂಟಿರಬಾರದು. ಉಂಡೆಯನ್ನು ಬೆರಳಲ್ಲಿ ಒತ್ತಿದರೆ ಎರಡು ಮೂರು ತುಂಡಾಗಿ ಒಡೆಯಬೇಕು. ಉದುರಿಹೋದರೆ ಇನ್ನಷ್ಟು ನೀರು ಬೇಕು, ಜಿನುಗಿದರೆ ಇನ್ನಷ್ಟು ಪುಡಿ. ಹದ ಸಿಕ್ಕಿತಾ, ಈಗ ಒಂದು ಪಟ್ಟಿಯ ಮೇಲೆ ಸ್ವಲ್ಪ ಸ್ವಲ್ಪವೇ ಇಟ್ಟು ಒಳಗೆ ತಳ್ಳಿ, ಇನ್ನೊಂದು ಮೊಂಡು ಕೋಲಿನ ತುದಿಯಿಂದ ಗಿಡಿಯಿರಿ. ದೂರದಿಂದ ಹತ್ತಿರಕ್ಕೆ, ನಡುವಿನಿಂದ ಅಂಚಿಗೆ. ಮೊದಲು ಬಾಯಿ ಮುಚ್ಚಿಬಿಟ್ಟರೆ ಒಳಗೆ ಖಾಲಿ ಉಳಿಯುತ್ತದೆ, ಅದನ್ನು ಆಮೇಲೆ ತುಂಬಲು ಆಗುವುದಿಲ್ಲ. ಎರಡೂ ಕಡೆಯಿಂದ ತುಂಬುತ್ತಾ ಬನ್ನಿ, ಆಗಾಗ ಮೇಲೆ ತಟ್ಟಿ ನೋಡಿ. ಡಬ್‌ಡಬ್ ಇದ್ದಲ್ಲಿ ಟಕ್‌ಟಕ್ ಅನ್ನಬೇಕು.

ಬೆಣೆಗಳನ್ನು ಕೊನೆಗೆ ತೆಗೆಯಬೇಕು. ಮರದ್ದಾದರೆ ಕೊಳೆಯುತ್ತವೆ, ಗೆದ್ದಲು ತಿನ್ನುತ್ತದೆ. ಕಲ್ಲಿನದ್ದೇ ಆದರೂ ಕಲ್ಲುಪುಡಿಯ ನಡುವೆ ಹಾಗೇ ಬಿಟ್ಟರೆ ಚಪ್ಪಡಿಯ ಭಾರವೆಲ್ಲ ಆ ಎರಡು ಗಟ್ಟಿ ಜಾಗದ ಮೇಲೇ ಕೂರುತ್ತದೆ, ನಡುವೆ ಬಿರುಕು ಬಿಡುತ್ತದೆ. ಹಾರೆಯಲ್ಲಿ ಕೂದಲಷ್ಟು ಎತ್ತಿ, ಬೆಣೆಯನ್ನು ಕೋಲಿನಿಂದ ಹೊರಗೆ ತಳ್ಳಿ, ನಿಧಾನವಾಗಿ ಇಳಿಸಿ, ಬೆಣೆ ಇದ್ದ ಜಾಗವನ್ನೂ ಗಿಡಿದು ತುಂಬಿ. ಈಗ ಚಪ್ಪಡಿಯ ಮೇಲೆ ಹತ್ತಿ ನಾಲ್ಕು ಸಲ ಓಡಾಡಿ. ಕುಲುಕಿದರೆ ಎಲ್ಲೋ ಬಿಟ್ಟುಹೋಗಿದೆ, ಮತ್ತೆ ಎತ್ತಿ ಮತ್ತೆ ತುಂಬಿ. ನನಗೆ ಮೂರನೇ ಸಲಕ್ಕೆ ಸರಿಯಾಗಿತ್ತು.

ಕೋಲಿಗೆ ಎಟುಕದಷ್ಟು ಒಳಗೆ ತೆಳು ಸಂದು ಉಳಿದಿದ್ದರೆ ಮಾತ್ರ ಸಿಮೆಂಟ್ ಹಾಲಿನ ಕೆಲಸ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು, ಆಲಿಕೆಯಲ್ಲಿ ಇಳಿಯುವಷ್ಟೇ ನೀರು. ಎರಡೂ ಪಕ್ಕ ಬಿಗಿಯಾಗಿ ಮಣ್ಣು ಕಟ್ಟಿ, ಮೆಟ್ಟಿಲ ಪಕ್ಕದ ಸಂದಿನಿಂದ ಆಲಿಕೆ ಇಟ್ಟು ಹೊಯ್ಯಿರಿ. ಬೇಗ ಇಳಿಯಲಿ ಅಂತ ನೀರು ಜಾಸ್ತಿ ಮಾಡಿದರೆ ಸಿಮೆಂಟ್ ಕೆಳಗೆ ಕೂತು ನೀರು ಮೇಲೆ ನಿಲ್ಲುತ್ತದೆ, ಆ ನೀರು ಇಂಗಿದ ಮೇಲೆ ಚಪ್ಪಡಿಗೆ ತಾಗುವ ಜಾಗದಲ್ಲೇ ಮತ್ತೆ ಖಾಲಿ. ಮೂರು ದಿನ ಮೇಲೆ ಯಾರೂ ಕಾಲಿಡಬಾರದು. ಕೈಗವಸು ಹಾಕಿಕೊಳ್ಳಿ, ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ, ಆಗ ಗೊತ್ತಾಗುವುದಿಲ್ಲ, ರಾತ್ರಿ ಉರಿಯುತ್ತದೆ.

ಫೋಮ್ ಹಾಕಿ ಎತ್ತುವ ವೀಡಿಯೋ ನೀವೂ ನೋಡಿರುತ್ತೀರಿ. ಚಪ್ಪಡಿಗೆ ಸಣ್ಣ ತೂತು ಕೊರೆದು ಪಾಲಿಯುರಿಥೇನ್ ಬಿಡುತ್ತಾರೆ, ಅದು ಉಬ್ಬಿ ಎತ್ತುತ್ತದೆ, ಅರ್ಧ ಗಂಟೆಯೊಳಗೆ ನಡೆದಾಡಬಹುದು. ಒಳ್ಳೆಯ ವಿಧಾನವೇ, ಆದರೆ ಅದಕ್ಕೆ ಎರಡು ದ್ರವ ಬೆರೆಸುವ ಪಂಪು, ಕೈಪಳಗಿದವರು ಬೇಕು. ಬಾಗಿಲ ಚೌಕಟ್ಟಿನ ಸಂದಿಗೆ ಹೊಡೆಯುವ ಡಬ್ಬಿ ಫೋಮ್ ಬೇರೆ, ಇದು ಬೇರೆ. ಡಬ್ಬಿಯದ್ದು ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು. ಚಪ್ಪಡಿಯ ಅಡಿಯಲ್ಲಿ ಮುಚ್ಚಿಹೋದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಭಾರವನ್ನೂ ತಡೆಯುವುದಿಲ್ಲ. ನಾಲ್ಕು ಡಬ್ಬಿ ಖಾಲಿ ಮಾಡಿ ನನ್ನ ಹತ್ತಿರ ಬಂದವರಿದ್ದಾರೆ.

ಎರಡನೇ ಮೇಸ್ತ್ರಿಯ ಮಾತು ಯಾವಾಗ ಸರಿ ಅಂದರೆ, ಚಪ್ಪಡಿ ಮೂರು ನಾಲ್ಕು ತುಂಡಾಗಿದ್ದಾಗ, ಅಥವಾ ಎತ್ತಿ ನೋಡಿದಾಗ ದಪ್ಪ ಎರಡೇ ಇಂಚು ಅಂತ ಗೊತ್ತಾದಾಗ. ಆಗ ಒಡೆದು, 4 ಇಂಚು ಜಲ್ಲಿ ದಮ್ಮಸು ಮಾಡಿ, ಮೇಲೆ 4 ಇಂಚು ಕಾಂಕ್ರೀಟ್ ಹಾಕಬೇಕು. 1 ಪಾಲು ಸಿಮೆಂಟ್, ಒಂದೂವರೆ ಮರಳು, 3 ಜಲ್ಲಿ, 50 ಕೆಜಿ ಸಿಮೆಂಟಿಗೆ 25 ಲೀಟರ್‌ಗಿಂತ ಜಾಸ್ತಿ ನೀರು ಬೇಡ, 7 ದಿನ ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್. ನಿಮಗೆ ಈಗ ಅದು ಬೇಕಿಲ್ಲ.

ಇನ್ನು ಉಳಿದದ್ದು ಸಂದು ಮುಚ್ಚುವುದು. ಮೆಟ್ಟಿಲಿಗೂ ಚಪ್ಪಡಿಗೂ ನಡುವಿನ ಸಂದಿಗೆ ಸಿಮೆಂಟ್ ತುಂಬಬೇಡಿ. ಬಿಸಿಲಿಗೆ ಎರಡೂ ಹಿಗ್ಗುತ್ತವೆ, ಸಿಮೆಂಟ್ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಮತ್ತೆ ನೀರು. ಸಂದಿಗಿಂತ ಸ್ವಲ್ಪ ದಪ್ಪನೆಯ ಫೋಮ್ ಹಗ್ಗವನ್ನು ಒಳಗೆ ಒತ್ತಿ, ಮೇಲೆ ಪಾಲಿಯುರಿಥೇನ್ ಸೀಲೆಂಟ್ ಎಳೆಯಿರಿ. ಸಂದು ಎಷ್ಟು ಅಗಲವೋ ಅದರ ಅರ್ಧದಷ್ಟು ದಪ್ಪ ಸಾಕು, ಅದಕ್ಕಿಂತ ದಪ್ಪ ಹಾಕಿದರೆ ಹಿಗ್ಗುವಾಗ ಅಂಚಿನಿಂದ ಕಿತ್ತು ಬರುತ್ತದೆ. ಸಂದು ಪೂರ್ತಿ ಒಣಗಿರಬೇಕು. ಪಕ್ಕದ ಗುಂಡಿಗಳನ್ನು ನಾಲ್ಕು ಇಂಚಿಗೊಂದು ಪದರದಂತೆ ಗುದ್ದಿ ಮುಚ್ಚಿ, ಮಣ್ಣಿನ ಮೇಲ್ಮೈ ಚಪ್ಪಡಿಗಿಂತ ಅರ್ಧ ಇಂಚು ತಗ್ಗಿರಲಿ, ಇಲ್ಲದಿದ್ದರೆ ಹರಿದು ಬಂದ ನೀರಿಗೆ ಮಣ್ಣೇ ಕಟ್ಟೆಯಾಗುತ್ತದೆ.

ಕೊನೆಗೆ ಪೆನ್ಸಿಲ್ ತೆಗೆದುಕೊಂಡು, ಚಪ್ಪಡಿಯ ಮೇಲ್ಮೈ ಮೆಟ್ಟಿಲಿಗೆ ತಾಗುವಲ್ಲಿ ಮೆಟ್ಟಿಲ ಮುಖದ ಮೇಲೆ ಒಂದು ಗೆರೆ ಎಳೆದು ತಾರೀಕು ಬರೆಯಿರಿ. ಮೊದಲ ಕೆಲವು ವಾರದಲ್ಲಿ ಐದು ಮಿ.ಮೀ. ಇಳಿದರೆ ಅದು ನಾವು ಬಿಟ್ಟುಕೊಟ್ಟ ಲೆಕ್ಕವೇ. ಅದಕ್ಕಿಂತ ಜಾಸ್ತಿ ಇಳಿದರೆ, ಮುಂದಿನ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ನಿಂತು ತಾರಸಿಯ ನೀರು ಎಲ್ಲಿ ಹೋಗುತ್ತಿದೆ ಅಂತ ನೋಡಿ. ಪೈಪಿನ ಮೊಣಕೈ ಕಳಚಿ ಬಿದ್ದಿರುತ್ತದೆ, ಬಹುತೇಕ ಅಷ್ಟೇ.